ಅಶೋಕನ ಸಾಲುಮರಗಳು

ಫಾಲ್ಗುಣ ಮಾಸದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ರಥೋತ್ಸವಕ್ಕೆ ನಾಡಿನ ನಾನಾ ಮೂಲೆಗಳಿಂದ ಭಕ್ತರು ಬರುತ್ತಾರೆ. ಕಾಲ್ನಡಿಗೆಯಲ್ಲಿ ಬರುವವರೂ ಉಂಟು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ಪ್ರದೇಶಗಳಲ್ಲೊಂದು. ಅಲ್ಲಿಯ ಬಿಸಿಲಿನಲ್ಲಿ ನಡೆದು ಬಂದವನಿಗೆ ದಾರಿಬದಿಯ ಮರದ ನೆರಳು, ಒಂದು ತಂಬಿಗೆ ನೀರು ಎಂತಹ ಭಾಗ್ಯವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾಯಕನಹಟ್ಟಿಯ ಈಶಾನ್ಯಕ್ಕೆ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಇಂತಹ ನೆರಳನ್ನೂ ನೀರನ್ನೂ ರಾಜಕಾರ್ಯವೆಂದು ಬಗೆದ ಚಕ್ರವರ್ತಿಯ ಶಾಸನವೊಂದು ಬಂಡೆಯ ಮೇಲಿದೆ. ಆತನೇ ಮೌರ್ಯ ವಂಶದ ಅಶೋಕ.

ಅಶೋಕನು ದಾರಿಗಳಲ್ಲಿ ಸಾಲುಮರಗಳನ್ನು ನೆಡಿಸಿದನೆಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದ ಓದಿದ್ದೇವೆ. ಪರೀಕ್ಷೆಯಲ್ಲಿ ಬರೆದೂ ಇದ್ದೇವೆ. ಆದರೆ ಪಾಟಲಿಪುತ್ರದಲ್ಲಿ ಕುಳಿತ ದೊರೆ ನೆಡಿಸಿದ ಸಸಿಗೆ ನೂರಾರು ಹರಿದಾರಿ ದೂರದಲ್ಲಿ ನೀರೆರೆದವರು ಯಾರು? ಹೂಳು ತುಂಬಿದ ಬಾವಿಯನ್ನು ತೋಡಿಸಿದವರು ಯಾರು? ಅಶೋಕನ ಜೀವನವನ್ನು ಈ ಪ್ರಶ್ನೆಯ ಕಡೆಯಿಂದ ನೋಡಿದರೆ ಅದರ ಹಿರಿಮೆಯೂ ಕಷ್ಟವೂ ಒಟ್ಟಿಗೆ ತಿಳಿಯುತ್ತವೆ.

ಚಂದ್ರಗುಪ್ತನ ಮೊಮ್ಮಗನೂ ಬಿಂದುಸಾರನ ಮಗನೂ ಆದ ಅಶೋಕನಿಗೆ ಸುಮಾರು ಕ್ರಿ.ಪೂ. 268ರಲ್ಲಿ ಪಟ್ಟಾಭಿಷೇಕವಾಯಿತು. ರಾಜ್ಯದೊಡನೆ ದಾರಿಗಳೂ ಅವನಿಗೆ ಪಿತ್ರಾರ್ಜಿತವಾಗಿ ಬಂದವು. ಚಂದ್ರಗುಪ್ತನ ಕಾಲದಲ್ಲಿಯೇ ಹೆದ್ದಾರಿಗಳನ್ನು ನೋಡಿಕೊಳ್ಳುವ ಅಧಿಕಾರಿಗಳಿದ್ದರೆಂದೂ, ಅವರು ದೂರವನ್ನೂ ಕವಲುದಾರಿಗಳನ್ನೂ ತಿಳಿಸುವ ಕಂಬಗಳನ್ನು ಅಲ್ಲಲ್ಲಿ ನಿಲ್ಲಿಸುತ್ತಿದ್ದರೆಂದೂ ಗ್ರೀಕ್ ರಾಯಭಾರಿ ಮೆಗಾಸ್ತನೀಸನು ಬರೆದಿಟ್ಟಿದ್ದಾನೆ. ದಾರಿಗೆ ಪಕ್ಷಪಾತವಿಲ್ಲ. ವರ್ತಕನ ಬಂಡಿ ಹೋದ ದಾರಿಯಲ್ಲಿಯೇ ದಂಡೂ ಹೋಗುತ್ತದೆ. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾಗಿದ್ದಾಗ ಅಶೋಕನ ದಂಡು ಕಳಿಂಗದ ಕಡೆಗೆ ನಡೆಯಿತು. ಒಂದು ಲಕ್ಷ ಜನರು ಹತರಾದರು. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು. ಬೇರೆ ರೀತಿಯಲ್ಲಿ ಮಡಿದವರು ಅದಕ್ಕೂ ಎಷ್ಟೋ ಪಟ್ಟು. ಈ ಲೆಕ್ಕವನ್ನು ಕೊಟ್ಟವರು ಶತ್ರುಗಳಲ್ಲ, ಗೆದ್ದ ದೊರೆಯೇ. ತನ್ನ ಪಶ್ಚಾತ್ತಾಪವನ್ನು ಅವನು ಬಂಡೆಗಳ ಮೇಲೆ ಕೊರೆಯಿಸಿದನು. ಆದರೆ ಆ ಶಾಸನವನ್ನು ಕಳಿಂಗದಲ್ಲಿ ಮಾತ್ರ ಹಾಕಿಸಲಿಲ್ಲ. ನೊಂದವರ ಮುಂದೆಯೇ ಆ ಮಾತನ್ನು ಆಡಲು ಅವನಿಗೆ ಧೈರ್ಯವಾಗಲಿಲ್ಲವೋ, ರಾಜನೀತಿ ತಡೆಯಿತೋ, ಓದುಗರೇ ಯೋಚಿಸಬೇಕು.

ಅಂದಿನಿಂದ ಅಶೋಕನ ಸಂಚಾರದ ರೀತಿಯೇ ಬದಲಾಯಿತು. ಹಿಂದಿನ ಅರಸರು ಬೇಟೆಗೂ ವಿನೋದಕ್ಕೂ ಯಾತ್ರೆ ಹೊರಡುತ್ತಿದ್ದರು. ಅದನ್ನು ಬಿಟ್ಟು ಅವನು ಧರ್ಮಯಾತ್ರೆಯನ್ನು ಕೈಗೊಂಡನು. ಹಳ್ಳಿಗಾಡಿನ ಜನರನ್ನು ಕಂಡು ಮಾತನಾಡಿದನು. ದಾರಿಗಳ ಉದ್ದಕ್ಕೂ ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಆಲದ ಮರಗಳು, ಮಾವಿನ ತೋಪುಗಳು, ಬಾವಿಗಳು, ತಂಗುದಾಣಗಳು, ಅರವಟ್ಟಿಗೆಗಳು ಏರ್ಪಟ್ಟವು. ಔಷಧದ ಗಿಡಮೂಲಿಕೆಗಳು ಇಲ್ಲದೆಡೆಗೆ ಅವುಗಳನ್ನು ತರಿಸಿ ಬೆಳೆಸಲಾಯಿತು. ಇಷ್ಟೆಲ್ಲ ಮಾಡಿಯೂ ಅವನು ಬೀಗಲಿಲ್ಲ. ಹಿಂದಿನ ಅರಸರೂ ಇಂತಹ ಅನುಕೂಲಗಳನ್ನು ಮಾಡಿದ್ದಾರೆ, ಇದು ಅಲ್ಪ ಕಾರ್ಯ, ಜನರು ಧರ್ಮದಲ್ಲಿ ನಡೆಯುವುದೇ ತನ್ನ ಗುರಿ ಎಂಬುದು ಅವನ ಭಾವನೆಯಾಗಿತ್ತು.

ಅಷ್ಟು ವಿಸ್ತಾರವಾದ ರಾಜ್ಯದಲ್ಲಿ ದೊರೆಯ ಇಚ್ಛೆ ಕಾರ್ಯವಾಗಬೇಕಾದರೆ ಅಧಿಕಾರಿಗಳ ಕೈಯನ್ನೇ ಆಶ್ರಯಿಸಬೇಕು. ಯುಕ್ತರು, ರಜ್ಜುಕರು, ಪ್ರಾದೇಶಿಕರು ಐದು ವರ್ಷಕ್ಕೊಮ್ಮೆ ತಮ್ಮ ಸೀಮೆಯನ್ನು ಸಂಚರಿಸಿ, ತಮ್ಮ ಇತರ ಕೆಲಸಗಳ ಜೊತೆಗೆ ಧರ್ಮವನ್ನೂ ಬೋಧಿಸಬೇಕೆಂದು ಕಟ್ಟಳೆಯಾಯಿತು. ಉಜ್ಜಯಿನಿ, ತಕ್ಷಶಿಲೆಗಳಿಂದ ಹೊರಡುವವರಿಗೆ ಮೂರೇ ವರ್ಷದ ಗಡುವು. ಕಳಿಂಗದ ಮಹಾಮಾತ್ರರು ಪುಷ್ಯ ನಕ್ಷತ್ರದ ದಿನಗಳಲ್ಲಿ ರಾಜಶಾಸನವನ್ನು ಓದಿಸಿ ಕೇಳಬೇಕಾಗಿತ್ತು. ನಡುವೆ ಅವಕಾಶವಾದಾಗ ಒಬ್ಬನೇ ಒಬ್ಬನಿದ್ದರೂ ಕೇಳಬಹುದಾಗಿತ್ತು. ಇದೇನು ಬರಿಯ ಸಂಪ್ರದಾಯವೆಂದು ತಿಳಿಯಬಾರದು. ಅಧಿಕಾರಿಗಳು ಎಲ್ಲಿ ಎಡವುತ್ತಾರೆಂಬುದನ್ನು ಅಶೋಕನು ಆ ಶಾಸನದಲ್ಲಿ ಬಿಚ್ಚಿ ಹೇಳಿದ್ದಾನೆ: ಅಸೂಯೆ, ಕೋಪ, ಕ್ರೌರ್ಯ, ಆತುರ, ಅಭ್ಯಾಸವಿಲ್ಲದಿರುವುದು, ಸೋಮಾರಿತನ, ದಣಿವು. ಕೊನೆಯದನ್ನು ಗಮನಿಸಿರಿ. ದಣಿದ ನೌಕರನಿಂದಲೂ ಪ್ರಜೆಗೆ ಅನ್ಯಾಯವಾಗಬಲ್ಲುದೆಂದು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಒಬ್ಬ ದೊರೆ ಅರಿತಿದ್ದನು. ತನ್ನ ಮೇಲೂ ಅವನು ಕಟ್ಟು ಹಾಕಿಕೊಂಡನು. ಊಟದ ಹೊತ್ತಾಗಲಿ, ಅಂತಃಪುರವಾಗಲಿ, ಪ್ರಜೆಗಳ ಸುದ್ದಿ ತಂದವನನ್ನು ಕಾಯಿಸಬಾರದೆಂದು ವಿಧಿಸಿದನು.

ಬ್ರಹ್ಮಗಿರಿಯ ಶಾಸನವೂ ಇಂತಹ ಅಧಿಕಾರಿಗಳಿಗೆ ಬಂದ ಓಲೆಯೇ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಅಲ್ಲಿಯ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಅದನ್ನು ಕಳುಹಿಸಿದರು. ಮೊದಲು ಅವರ ಆರೋಗ್ಯವನ್ನು ವಿಚಾರಿಸಿ, ಅನಂತರವೇ ಚಕ್ರವರ್ತಿಯ ಸಂದೇಶವನ್ನು ಒಪ್ಪಿಸುವ ಅದರ ಸೌಜನ್ಯ ಮೆಚ್ಚತಕ್ಕದ್ದು. ತಾಯಿತಂದೆಗಳ ಸೇವೆ, ಪ್ರಾಣಿದಯೆ, ಸತ್ಯವಚನ, ಗುರುಗೌರವ ಇವು ಅದರ ಉಪದೇಶ. ಅದನ್ನು ಬರೆದ ಲಿಪಿಕಾರನ ಹೆಸರು ಚಪಡ. ತನ್ನ ವೃತ್ತಿಯ ಹೆಸರನ್ನು ಮಾತ್ರ ಅವನು ವಾಯವ್ಯ ಭಾಗದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಆ ಲಿಪಿಯನ್ನು ಬಲ್ಲವನೊಬ್ಬನು ಈ ಕಲ್ಲುಗುಡ್ಡದವರೆಗೆ ಬಂದನೆಂದರೆ ಆ ದಾರಿಗಳು ಎಷ್ಟು ಉದ್ದವಾಗಿದ್ದವು!

ಸುಮಾರು ಕ್ರಿ.ಪೂ. 232ರಲ್ಲಿ ಅಶೋಕನು ತೀರಿಕೊಂಡನು. ಐವತ್ತು ವರ್ಷಗಳಾಗುವುದರೊಳಗೆ ಮೌರ್ಯರ ಆಳ್ವಿಕೆಯೂ ಮುಗಿಯಿತು. ಆಲದ ಮರಗಳಿಗೆ ನೀರೆರೆದ ಕೈಗಳ ಹೆಸರನ್ನು ಯಾವ ಬಂಡೆಯೂ ಹೇಳುವುದಿಲ್ಲ. ಶಾಸನದ ಲಿಪಿಯೂ ಜನರಿಗೆ ಮರೆತುಹೋಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದ ಮೇಲೆ, 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಶಾಸನಗಳನ್ನು ಬೆಳಕಿಗೆ ತಂದರು. ಅವುಗಳಲ್ಲಿದ್ದುದು ದೇವಾನಾಂಪ್ರಿಯನೆಂಬ ಬಿರುದು ಮಾತ್ರ. ಆ ಬಿರುದಿನೊಡನೆ ಅಶೋಕನೆಂಬ ಹೆಸರೂ ಇರುವ ಶಾಸನ 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆಯಿತು.

ಅಲ್ಲಿಯವರೆಗೂ ಈ ಸೀಮೆಯ ಜನ ಆ ಕಲ್ಲುಗಳನ್ನು ತಮಗೆ ತೋಚಿದಂತೆ ಕರೆದುಕೊಂಡಿದ್ದರು. ಬ್ರಹ್ಮಗಿರಿಯದು ಅಕ್ಷರಗುಂಡು, ಅದಕ್ಕೆ ಔಷಧದ ಗುಣವಿದೆಯೆಂದು ನಂಬಿದ್ದರು. ಜಟಿಂಗ ರಾಮೇಶ್ವರ ಬೆಟ್ಟದ ಮೇಲಿನದು ಬಳೆಗಾರ ಗುಂಡು. ಅಲ್ಲಿ ಶಾಸನವಿರುವುದು ನೆಲಮಟ್ಟದ ಹಾಸುಬಂಡೆಯ ಮೇಲೆ. ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆಯೇ ಅಂಗಡಿ ಹೂಡುತ್ತಿದ್ದರು. ದೇವರನ್ನು ಕಾಣಲು ಬಂದವರ ಕಾಲ್ತುಳಿತದಿಂದ ಚಕ್ರವರ್ತಿಯ ಅಕ್ಷರಗಳು ಬಹುಮಟ್ಟಿಗೆ ಸವೆದುಹೋಗಿವೆ.