ರಕ್ತದ ಲೆಕ್ಕವಿಟ್ಟ ಡಾ. ಯಲ್ಲಾಪ್ರಗಡ ಸುಬ್ಬರಾಯರು

ವೈದ್ಯವಿಜ್ಞಾನದಲ್ಲಿ ನಾವು ಸ್ಮರಿಸಲೇಬೇಕಾದ ಭಾರತೀಯರಲ್ಲಿ ಡಾ. ಯಲ್ಲಾಪ್ರಗಡ ಸುಬ್ಬರಾಯರು ಅಗ್ರಗಣ್ಯರು. 1895ರ ಜನವರಿ 12ರಂದು ಆಂಧ್ರದ ಭೀಮವರಂನಲ್ಲಿ ಜನಿಸಿದ ಅವರು ಬಡತನದ ನಡುವೆಯೇ ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಸ್ಪ್ರೂ ಎಂಬ ಕರುಳಿನ ವ್ಯಾಧಿ ಅವರ ಇಬ್ಬರು ಸಹೋದರರನ್ನು ಬಲಿ ತೆಗೆದುಕೊಂಡಿತು. 1922ರಲ್ಲಿ ಬಾಸ್ಟನ್ ನಗರವನ್ನು ಸೇರಿ, ಆಸ್ಪತ್ರೆಯೊಂದರಲ್ಲಿ ಆಳಾಗಿ ದುಡಿಯುತ್ತ ಹಾರ್ವರ್ಡ್‌ನಲ್ಲಿ ಓದಿದರು. ಊರಿನಲ್ಲಿ ಬಿಟ್ಟುಹೋದ ಪತ್ನಿಯನ್ನು ಅವರು ಮತ್ತೆ ಕಾಣಲೇ ಇಲ್ಲ.

1925ರಲ್ಲಿ ಸೈರಸ್ ಫಿಸ್ಕ್ ಅವರೊಡಗೂಡಿ, ರಕ್ತ ಹಾಗೂ ಮೂತ್ರದಲ್ಲಿರುವ ರಂಜಕವನ್ನು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನವನ್ನು ರೂಪಿಸಿದರು. ಹಾರ್ವರ್ಡ್ ಖಾಯಂ ಹುದ್ದೆಯನ್ನು ನೀಡದಿರಲು, 1940ರಲ್ಲಿ ಲೆಡರ್ಲೆ ಔಷಧ ಸಂಸ್ಥೆಯನ್ನು ಸೇರಿದರು. ಅಲ್ಲಿ ಅವರ ತಂಡ ಸ್ಪ್ರೂ ರೋಗಿಗಳ ರಕ್ತಹೀನತೆಯನ್ನು ನೀಗುವ ಫೋಲಿಕ್ ಆಮ್ಲವನ್ನು ತಯಾರಿಸಿತು.

ಕೊಚ್ಚಿ ಕರಾವಳಿಯೂ ಅವರಿಗೆ ಋಣಿ. ಆನೆಕಾಲು ರೋಗವನ್ನು ಐರೋಪ್ಯರು ಹಿಂದೆ ಕೊಚ್ಚಿ ಕಾಲು ಎಂದೇ ಕರೆಯುತ್ತಿದ್ದರು. ಅದಕ್ಕೆ ಮದ್ದಾದ ಡೈಈಥೈಲ್‌ಕಾರ್ಬಮಜೀನ್ ಬಂದದ್ದು ಅವರ ಪ್ರಯೋಗಾಲಯದಿಂದ. ಆರಿಯೋಮೈಸಿನ್ ಎಂಬ ಮೊದಲ ಟೆಟ್ರಾಸೈಕ್ಲಿನ್ ಕೂಡ ಅಲ್ಲಿಯದೇ. ಇಂದು ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡ್‌ನಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸೀಗಡಿ, ಮೀನುಗಳಲ್ಲಿ ಉಳಿದ ಇಂತಹ ಔಷಧಗಳ ಲವಲೇಶವನ್ನು, ಅಣುಗಳನ್ನು ತೂಕಕ್ಕೆ ತಕ್ಕಂತೆ ವಿಂಗಡಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ನಿಂದ ಅಳೆಯುತ್ತಾರೆ.

ಮನುಷ್ಯರ ರಕ್ತದಲ್ಲಿ ಈ ಅಳತೆ ಪ್ರಾಣದ ಪ್ರಶ್ನೆಯಾಗಬಲ್ಲದು. ಸುಬ್ಬರಾಯರ ತಂಡ ನೀಡಿದ ಅಮಿನಾಪ್ಟೆರಿನ್ ಔಷಧವನ್ನು ಡಾ. ಸಿಡ್ನಿ ಫಾರ್ಬರ್ 1947ರಲ್ಲಿ ರಕ್ತದ ಕ್ಯಾನ್ಸರ್ ಪೀಡಿತ ಮಕ್ಕಳಿಗೆ ಕೊಟ್ಟಾಗ, ಕೆಲವರಲ್ಲಿ ರೋಗ ತಾತ್ಕಾಲಿಕವಾಗಿಯಾದರೂ ಹಿಮ್ಮೆಟ್ಟಿತು. ಅದರ ಹತ್ತಿರದ ಬಂಧುವಾದ ಮೆಥೊಟ್ರೆಕ್ಸೇಟ್ ಇಂದಿಗೂ ಮಕ್ಕಳನ್ನು ಉಳಿಸುತ್ತಿದೆ. ಆದರೆ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟ ಮದ್ದು ದೇಹದಿಂದ ಸಕಾಲದಲ್ಲಿ ಹೊರಹೋಗದಿದ್ದರೆ ಮೂತ್ರಪಿಂಡ ಮತ್ತು ಅಸ್ಥಿಮಜ್ಜೆಗಳಿಗೆ ವಿಷವಾಗುತ್ತದೆ. ಆದ್ದರಿಂದ ದಿನದಿನವೂ ರಕ್ತದಲ್ಲಿನ ಅದರ ಮಟ್ಟವನ್ನು ಅಳೆದು, ಅದಕ್ಕನುಗುಣವಾಗಿ ಲ್ಯೂಕೊವೊರಿನ್ ಎಂಬ ಪ್ರತ್ಯೌಷಧವನ್ನು ಕೊಡುತ್ತಾರೆ. ಅದೂ ಫೋಲಿಕ್ ಆಮ್ಲದ ಕುಲಕ್ಕೇ ಸೇರಿದುದೆಂಬುದನ್ನು ನಾವು ಗಮನಿಸಬೇಕು. ಯಕೃತ್ತಿನಲ್ಲಿ ಮಾರ್ಪಾಡಾದ ಮೆಥೊಟ್ರೆಕ್ಸೇಟ್ ಮೂಲ ಔಷಧಕ್ಕಿಂತ ಒಂದು ಆಮ್ಲಜನಕ ಪರಮಾಣುವಿನಷ್ಟು ಮಾತ್ರ ಭಾರ. ಆ ವ್ಯತ್ಯಾಸವನ್ನೂ ಮಾಸ್ ಸ್ಪೆಕ್ಟ್ರೋಮೀಟರ್ ಗುರುತಿಸಿ, ಎರಡರ ಲೆಕ್ಕವನ್ನೂ ಬೇರೆಬೇರೆಯಾಗಿ ಒಪ್ಪಿಸುತ್ತದೆ.

1948ರ ಆಗಸ್ಟ್‌ನಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ಸುಬ್ಬರಾಯರು ನಿದ್ರೆಯಲ್ಲೇ ಕೊನೆಯುಸಿರೆಳೆದರು. ನಾವು ಅವರನ್ನು ಹೊಸ ಔಷಧಗಳ ಜನಕರೆಂದು ಗೌರವಿಸುತ್ತೇವೆ. ರಕ್ತದ ಹನಿಯಲ್ಲಿರುವುದನ್ನು ನಿಖರವಾಗಿ ಅಳೆಯುವುದರಿಂದಲೇ ಅವರ ಸಾಧನೆ ಆರಂಭವಾಯಿತೆಂಬುದನ್ನೂ, ಅಂತಹ ಅಳತೆಯೇ ಇಂದು ಅವರ ಮದ್ದನ್ನು ಮದ್ದಾಗಿ ಉಳಿಸಿದೆಯೆಂಬುದನ್ನೂ ಮರೆಯದಿರೋಣ.