ತಾತನ ತಲೆಯೊಳಗಿನ 9 ಮಿಲಿಮೀಟರ್

ಹೋದ ವರ್ಷ ಕಾರ್ತಿಕದ ಹೊತ್ತಿಗೆ ನಮ್ಮ ತಾತ ತೋಟದಲ್ಲಿ ಜಾರಿ ಬಿದ್ದರು. ಹೊಸದುರ್ಗದ ಕಡೆಯ ತೆಂಗಿನ ತೋಟ, ಡ್ರಿಪ್ ಪೈಪು ಸೋರಿ ಬದುವೆಲ್ಲ ಕೆಸರಾಗಿತ್ತು. ತಲೆ ಮರಕ್ಕೆ ತಾಗಿತು, ಸಣ್ಣ ಬೋರೆ ಬಂತು, ಅಜ್ಜಿ ಅರಿಶಿನ ಹಚ್ಚಿದರು, ಅಲ್ಲಿಗೆ ಎಲ್ಲರೂ ಮರೆತೆವು. ಮೂರು ವಾರವಾದ ಮೇಲೆ ತಾತ ನನ್ನನ್ನು ಅತ್ತೆಯ ಹೆಸರಿನಿಂದ ಕರೆಯತೊಡಗಿದರು. ಎಡಗಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಉಳಿದರೂ ಗೊತ್ತಾಗುತ್ತಿರಲಿಲ್ಲ. ವಯಸ್ಸಾಯಿತು ಎಂದರು ಮನೆಯವರು. ಮೊದಲು ತೋರಿಸಿದ ಕಡೆ ಬಿ.ಪಿ. ಮಾತ್ರೆ ಕೊಟ್ಟು ಕಳಿಸಿದರು. ಚಿತ್ರದುರ್ಗದಲ್ಲಿ ಮೆಡಿಕಲ್ ಇಮೇಜಿಂಗ್ ಡಿಪ್ಲೊಮಾ ಎರಡನೇ ವರ್ಷ ಓದುತ್ತಿರುವ ನಾನೂ ಭಾನುವಾರ ಊರಿಗೆ ಹೋದವಳು ತಾತನನ್ನು ಕಣ್ಣಾರೆ ನೋಡಿ, ವಯಸ್ಸೇ ಇರಬೇಕು ಅಂದುಕೊಂಡು ಸೋಮವಾರ ಬೆಳಗಿನ ಬಸ್ಸು ಹತ್ತಿದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಗುರುವಾರ ತಾತ ಮಂಕಾಗಿ ಮಲಗಿದಲ್ಲೇ ಮಲಗಿದರು. ಕಾರು ಮಾಡಿಕೊಂಡು ಹೊಳಲ್ಕೆರೆ ಮೇಲೆ ದುರ್ಗಕ್ಕೆ ಕರೆತಂದರು. ಸಿ.ಟಿ. ಸ್ಕ್ಯಾನ್ ಆಯಿತು. ಡಾಕ್ಟರು ಕಂಪ್ಯೂಟರ್ ತೆರೆಯ ಮೇಲೆ ತಲೆಯ ನಡುವಿಗೆ ಒಂದು ಗೆರೆ ಎಳೆದರು. ಮಿದುಳಿನ ನಡುಗೆರೆ ಆ ಗೆರೆಯಿಂದ 9 ಮಿಲಿಮೀಟರ್ ಎಡಕ್ಕೆ ಸರಿದಿತ್ತು. ಬಲಗಡೆ ಬುರುಡೆಗೂ ಮಿದುಳಿಗೂ ನಡುವೆ 18 ಮಿಲಿಮೀಟರ್ ದಪ್ಪಗೆ ರಕ್ತ ನಿಂತಿತ್ತು. ಮೌಸ್ ಅದರ ಮೇಲೆ ಇಟ್ಟಾಗ ಬಂದ ಸಂಖ್ಯೆ ಹೊಸ ರಕ್ತದ್ದಲ್ಲ, ವಾರಗಟ್ಟಲೆ ಹಳೆಯದಾಗಿ ನೀರಾಗುತ್ತಿರುವ ರಕ್ತದ್ದು. ಅಂದರೆ ತೋಟದಲ್ಲಿ ಬಿದ್ದ ದಿನದ್ದು. ವಯಸ್ಸಲ್ಲ. ಅದೇ ರಾತ್ರಿ ದಾವಣಗೆರೆಯಲ್ಲಿ ಬುರುಡೆಗೆ ಎರಡು ಸಣ್ಣ ತೂತು ಕೊರೆದು ಅದನ್ನು ಹೊರಗೆ ತೆಗೆದರು.

ಆಪರೇಷನ್ ಥಿಯೇಟರಿನ ಹೊರಗೆ ಬೆಂಚಿನ ಮೇಲೆ ಕೂತಾಗ ತಲೆಯಲ್ಲಿ ಒಂದೇ ಪ್ರಶ್ನೆ. ಬುರುಡೆ ತೆರೆಯದೆಯೇ 9 ಮಿಲಿಮೀಟರ್ ಅಂತ ಹೇಳುವ ಧೈರ್ಯ ಆ ಯಂತ್ರಕ್ಕೆ ಎಲ್ಲಿಂದ ಬಂತು? ನಮ್ಮ ಪಠ್ಯದಲ್ಲಿ ಒಂದು ಸಾಲು ಇದೆ. ಚಿತ್ರ ಕಟ್ಟುವಾಗ ಬಳಸುವ ಫಿಲ್ಟರ್‌ಗಳಲ್ಲಿ ಒಂದು ರ‍್ಯಾಮ್-ಲ್ಯಾಕ್. ಮೊದಲ ವರ್ಷ ಅದನ್ನು ನಾವು ಗೆಳತಿಯರೆಲ್ಲ ರಾಮ-ಲಕ್ಷ್ಮಣ ಅಂತ ನೆನಪಿಟ್ಟುಕೊಂಡಿದ್ದೆವು, ಪರೀಕ್ಷೆಯಲ್ಲಿ ಎರಡು ಅಂಕ ಬಂತು, ಮುಗಿಯಿತು. ಅದು ನಿಜಕ್ಕೂ ಇಬ್ಬರು ಮನುಷ್ಯರ ಹೆಸರು, ಅವರ ಲೆಕ್ಕಕ್ಕೆ ನಮ್ಮ ಬೆಂಗಳೂರಿನ ನಂಟಿದೆ ಎಂದು ಗೊತ್ತಾದದ್ದು ತಾತ ಚೇತರಿಸಿಕೊಂಡ ಮೇಲೆ. ರ‍್ಯಾಮ್ ಅಂದರೆ ಜಿ.ಎನ್. ರಾಮಚಂದ್ರನ್. ಲ್ಯಾಕ್ ಅಂದರೆ ಅವರ ಜೊತೆ ಕೆಲಸ ಮಾಡಿದ ಎ.ವಿ. ಲಕ್ಷ್ಮೀನಾರಾಯಣನ್.

ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ನಾರಾಯಣ ಅಯ್ಯರ್ ಅಲ್ಲಿನ ಮಹಾರಾಜಾಸ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು, ಮುಂದೆ ಪ್ರಾಂಶುಪಾಲರು. ಮಗನಿಗೆ ಲೆಕ್ಕದ ರುಚಿ ಹತ್ತಿದ್ದು ಮನೆಯಲ್ಲೇ. ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, 1942ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಈಗ ನಾವು ಐಐಎಸ್‌ಸಿ ಅನ್ನುವ ಸಂಸ್ಥೆಗೆ ಬಂದರು. ಸೇರಿದ್ದು ಎಲೆಕ್ಟ್ರಿಕಲ್ ವಿಭಾಗಕ್ಕೆ! ಆದರೆ ಮನಸ್ಸೆಲ್ಲ ಭೌತಶಾಸ್ತ್ರದ ಕಡೆ. ಆಗ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು ಸಿ.ವಿ. ರಾಮನ್. ಈ ಹುಡುಗ ನಿಮ್ಮ ವಿಭಾಗಕ್ಕೆ ಸ್ವಲ್ಪ ಜಾಸ್ತಿಯೇ ಜಾಣ ಎಂಬರ್ಥದ ಮಾತು ಹೇಳಿ ರಾಮನ್ ಅವರನ್ನು ತಮ್ಮ ಕಡೆಗೆ ಎಳೆದುಕೊಂಡರಂತೆ. ಬ್ರಾಂಚ್ ಬದಲಾಯಿಸಬೇಕೆಂದು ಕಾಲೇಜು ಆಫೀಸಿಗೆ ಅಲೆಯುವ ನಮಗೆಲ್ಲ ಇಂಥ ಒಬ್ಬ ಮೇಷ್ಟ್ರು ಸಿಕ್ಕಿದ್ದರೆ ಅನ್ನಿಸದೆ ಇರದು.

ರಾಮನ್ ಹತ್ತಿರ ಅವರು ಕೈಗೆತ್ತಿಕೊಂಡದ್ದು ವಜ್ರ. ವಜ್ರದ ಮೇಲೆ ಎಕ್ಸ್-ರೇ ಹಾಯಿಸಿ, ಅದನ್ನು ಒಡೆಯದೆ ಒಳಗಿನ ಓರೆಕೋರೆ ತಿಳಿಯುವ ಕೆಲಸ. ಆಮೇಲೆ 1947ರಿಂದ 49ರವರೆಗೆ ಕೇಂಬ್ರಿಜ್. ಅಲ್ಲಿ ಹರಳುಗಳಿಂದ ಚದುರಿ ಬರುವ ಮಸುಕು ಎಕ್ಸ್-ರೇಯನ್ನು ಅಳೆದು, ಆ ಹರಳು ಎಷ್ಟು ಬಾಗುತ್ತದೆ ಎಂದು ಲೆಕ್ಕ ಹಾಕಿದರು. ವಸ್ತು ಒಳಗಿದೆ, ನಾವು ಹೊರಗಿದ್ದೇವೆ, ನಡುವೆ ಎಕ್ಸ್-ರೇ ಬಿಟ್ಟರೆ ಇನ್ನೇನೂ ಇಲ್ಲ. ಅವರ ಬದುಕಿನ ದೊಡ್ಡ ಕೆಲಸಗಳೆಲ್ಲ ಹೆಚ್ಚುಕಡಿಮೆ ಇದೇ ಆಟ.

ಬೆಂಗಳೂರಿಗೆ ಮರಳಿ ಮೂರು ವರ್ಷ ಪಾಠ ಮಾಡಿದರು. 1952ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಹುದ್ದೆ ಬಂತು. ಅದಕ್ಕೆ ಹೆಸರು ಸೂಚಿಸಿದ್ದೂ ರಾಮನ್ ಅವರೇ. ವಯಸ್ಸು ಇನ್ನೂ ಮೂವತ್ತರ ಆಸುಪಾಸು. ಅಲ್ಲಿನ ಕುಲಪತಿ ಲಕ್ಷ್ಮಣಸ್ವಾಮಿ ಮೊದಲಿಯಾರ್ ಸ್ವತಃ ಹೆಸರಾಂತ ವೈದ್ಯರು, ಎಳೆಯ ಪ್ರಾಧ್ಯಾಪಕನಿಗೆ ಬೆನ್ನಾಗಿ ನಿಂತರು. ಅದೇ ವರ್ಷ ಇಂಗ್ಲೆಂಡಿನ ವಿಜ್ಞಾನಿ ಬರ್ನಾಲ್ ಮದ್ರಾಸಿಗೆ ಬಂದಾಗ, ಕೊಲಾಜೆನ್‌ನ ರಚನೆ ಇನ್ನೂ ಯಾರಿಗೂ ಸರಿಯಾಗಿ ಸಿಕ್ಕಿಲ್ಲ ಎಂಬ ವಿಷಯ ಕಿವಿಗೆ ಬಿತ್ತು. ಕೊಲಾಜೆನ್ ಅಂದರೆ ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನೆಲ್ಲ ಕಟ್ಟಿ ಹಿಡಿದಿರುವ ಪ್ರೋಟೀನು. ಹತ್ತಿರದ ಚರ್ಮ ಸಂಶೋಧನಾ ಸಂಸ್ಥೆಯಿಂದ ಕಾಂಗರೂ ಬಾಲದ ರಜ್ಜು ತರಿಸಿಕೊಂಡು, ಎಕ್ಸ್-ರೇ ಹಾಯಿಸಿ, ಫಿಲ್ಮಿನ ಮೇಲಿನ ಚುಕ್ಕೆಗಳನ್ನು ಅಳೆಯುತ್ತ ಕೂತರು. ಜೊತೆಗೆ ಗೋಪಿನಾಥ್ ಕರ್ತಾ. 1954ರಲ್ಲಿ ಮೂರು ಎಳೆಗಳ ರಚನೆ ಎಂದು ಪ್ರಕಟಿಸಿದರು. ಅದು ಪೂರ್ತಿ ಸರಿ ಇರಲಿಲ್ಲ. ಮರುವರ್ಷ ತಾವೇ ತಿದ್ದಿದರು: ಮೂರೂ ಎಳೆಗಳು ನೆಟ್ಟಗೆ ನಿಂತಿಲ್ಲ, ಒಂದನ್ನೊಂದು ಸುತ್ತಿಕೊಂಡು ಹೊಸೆದಿವೆ. ನಮ್ಮ ಕಡೆ ತೆಂಗಿನ ನಾರನ್ನು ಹುರಿ ಮಾಡಿ ಮತ್ತೆ ಹಗ್ಗ ಹೊಸೆಯುತ್ತಾರಲ್ಲ, ಹಾಗೆ.

ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕ್ರಿಕ್ ಮತ್ತು ರಿಚ್ ಎಂಬವರೂ ಅದೇ ರಚನೆಯ ಹಿಂದೆ ಬಿದ್ದಿದ್ದರು. ಮದ್ರಾಸಿನವರ ರಚನೆಯಲ್ಲಿ ಕೆಲವು ಪರಮಾಣುಗಳು ಇರಬಾರದಷ್ಟು ಹತ್ತಿರ ಕೂತಿವೆ ಎಂಬ ಆಕ್ಷೇಪ ಬಂತು. ಇಲ್ಲಿ ನನಗೆ ರಾಮಚಂದ್ರನ್ ತುಂಬ ಇಷ್ಟವಾಗುತ್ತಾರೆ. ಹಾಗಾದರೆ ಎಷ್ಟು ಹತ್ತಿರ ಕೂರಬಹುದು ಎಂದು ಅವರು ಮೊದಲಿನಿಂದ ಅಳೆಯಲು ಹೊರಟರು. ಅದುವರೆಗೆ ಗೊತ್ತಿದ್ದ ರಚನೆಗಳನ್ನೆಲ್ಲ ತಡಕಿ, ಪರಮಾಣುಗಳ ನಡುವಿನ ಅಂತರದ ಪಟ್ಟಿ ಮಾಡಿದರು. ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ 1963ರಲ್ಲಿ ಪ್ರಕಟಿಸಿದ ನಕ್ಷೆ ಇವತ್ತಿಗೂ ಜಗತ್ತಿನ ಜೀವರಸಾಯನ ಪುಸ್ತಕಗಳಲ್ಲಿ ರಾಮಚಂದ್ರನ್ ಪ್ಲಾಟ್ ಎಂಬ ಹೆಸರಿನಲ್ಲಿದೆ. ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದು, ಯಾವುದರಲ್ಲಿ ತಿರುಗಲಾರದು ಎಂದು ಹೇಳುವ ನಕ್ಷೆ ಅದು. ಹೊಸ ಪ್ರೋಟೀನಿನ ರಚನೆ ಕಂಡುಹಿಡಿದವರು ಈಗಲೂ ಅದರ ಮುಂದೆ ಹಿಡಿದು ತಾಳೆ ನೋಡುತ್ತಾರೆ. ಅವರು ಹೆಚ್ಚು ಪ್ರಸಿದ್ಧರಾದದ್ದು ಇದರಿಂದಲೇ. ನನ್ನ ತಾತನಿಗೆ ಸಂಬಂಧಪಟ್ಟದ್ದು ಆಮೇಲಿನದು.

1970ರ ಸುಮಾರಿಗೆ ಅವರು ಮದ್ರಾಸ್ ಬಿಟ್ಟು ಬೆಂಗಳೂರಿಗೆ ಮರಳಿದರು, ಐಐಎಸ್‌ಸಿಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಕಟ್ಟಿದರು. ನಡುನಡುವೆ ಶಿಕಾಗೊ ವಿಶ್ವವಿದ್ಯಾಲಯದಲ್ಲೂ ಕೆಲಸ. ಆಗ ಅವರನ್ನು ಹಿಡಿದ ಪ್ರಶ್ನೆ ಇದು: ಒಂದು ವಸ್ತುವಿನ ನೆರಳುಗಳಷ್ಟೇ ಕೈಯಲ್ಲಿದ್ದರೆ ಆ ವಸ್ತುವಿನ ಒಳಗನ್ನು ಮತ್ತೆ ಕಟ್ಟಬಹುದೇ?

ಇದನ್ನು ಹೀಗೆ ನೋಡಿ. ಹಿರಿಯೂರಿನಿಂದ ಹೆದ್ದಾರಿಯಲ್ಲಿ ದುರ್ಗಕ್ಕೆ ಬರುವಾಗ ಗುಡ್ಡದ ಮೇಲೆ ಗಾಳಿ ಫ್ಯಾನುಗಳು ಕಾಣುತ್ತವೆ. ಕೆಲವು ಒಂದರ ಹಿಂದೊಂದು ನಿಂತು ಒಂದೇ ಅನ್ನಿಸುತ್ತವೆ. ಹೊಳಲ್ಕೆರೆ ರಸ್ತೆಯಿಂದ ಬಂದರೆ ಅವೇ ಬೇರೆ ಬೇರೆಯಾಗಿ, ಇನ್ಯಾವುವೋ ಎರಡು ಒಂದಾಗುತ್ತವೆ. ಎಲ್ಲ ರಸ್ತೆಗಳಿಂದಲೂ ನೋಡಿ ಬರೆದುಕೊಂಡರೆ, ಗುಡ್ಡ ಹತ್ತದೆಯೇ ಯಾವ ಫ್ಯಾನು ಎಲ್ಲಿದೆ ಎಂದು ಕಾಗದದ ಮೇಲೆ ಗುರುತು ಹಾಕಬಹುದು. ಮಾಮೂಲಿ ಎಕ್ಸ್-ರೇ ಒಂದೇ ರಸ್ತೆಯಿಂದ ನೋಡಿದ ಹಾಗೆ. ತಲೆಯ ಎಕ್ಸ್-ರೇ ತೆಗೆದರೆ ಬುರುಡೆಯ ಬಿಳುಪಿನ ಹಿಂದೆ ಮಿದುಳು ಅಡಗಿಬಿಡುತ್ತದೆ, ರಕ್ತವಂತೂ ಕಾಣುವುದೇ ಇಲ್ಲ. ಸಿ.ಟಿ. ಯಂತ್ರ ತಲೆಯ ಸುತ್ತ ತಿರುಗುತ್ತ ನೂರಾರು ದಿಕ್ಕಿನಿಂದ ನೋಡುತ್ತದೆ.

ನೋಡುವುದು ಸುಲಭ, ಕಟ್ಟುವುದು ಕಷ್ಟ. ಪ್ರತಿ ನೆರಳನ್ನೂ ಬಂದ ದಾರಿಯಲ್ಲೇ ಹಿಂದಕ್ಕೆ ಹರಡಿ, ಎಲ್ಲವನ್ನೂ ಒಂದರ ಮೇಲೊಂದು ಕೂಡಿಸಿದರೆ ಚಿತ್ರವೇನೋ ಬರುತ್ತದೆ, ಆದರೆ ಕಪ್ಪುಹಲಗೆಯ ಮೇಲೆ ಬರೆದದ್ದನ್ನು ಅಂಗೈಯಲ್ಲಿ ಒರೆಸಿದಂತೆ ಮಸುಕು. ಅಂಥ ಮಸುಕಿನಲ್ಲಿ 9 ಮಿಲಿಮೀಟರ್ ಅಳೆಯಲಾಗದು. ನೆರಳುಗಳಿಂದ ವಸ್ತುವನ್ನು ಮರಳಿ ಪಡೆಯಬಹುದು ಎಂದು ಆಸ್ಟ್ರಿಯಾದ ಗಣಿತಜ್ಞ ರಾಡಾನ್ 1917ರಲ್ಲೇ ತೋರಿಸಿದ್ದರು. ಫೂರಿಯರ್ ಗಣಿತದ ದಾರಿಯೂ ಇತ್ತು, ಆದರೆ ಅಂದಿನ ಕಂಪ್ಯೂಟರ್‌ಗಳಿಗೆ ಅದು ಭಾರೀ ಹೊರೆ. ರಾಮಚಂದ್ರನ್ ಮತ್ತು ಲಕ್ಷ್ಮೀನಾರಾಯಣನ್ 1971ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬರೆದ ಐದು ಪುಟದ ಲೇಖನ ಆ ಹೊರೆಯನ್ನು ಇಳಿಸಿತು. ಹರಡುವ ಮೊದಲೇ ಪ್ರತಿ ನೆರಳನ್ನೂ ತಿದ್ದಿಕೊಳ್ಳಿ, ಪ್ರತಿ ಬಿಂದುವಿನಿಂದ ಅಕ್ಕಪಕ್ಕದ ಬಿಂದುಗಳ ಪಾಲನ್ನು ಗೊತ್ತಾದ ಪ್ರಮಾಣದಲ್ಲಿ ಕಳೆಯಿರಿ, ಆಮೇಲೆ ಹರಡಿ ಕೂಡಿಸಿ. ಬರೀ ಗುಣಿಸುವುದು, ಕೂಡುವುದು, ಕಳೆಯುವುದು. ಮೊದಲೇ ಕಳೆದಿಟ್ಟದ್ದರಿಂದ ಕೂಡಿಸಿದಾಗ ಮಸುಕು ತಾನೇ ವಜಾ ಆಗಿ ಅಂಚುಗಳು ಚೂಪಾಗಿ ಉಳಿಯುತ್ತವೆ.

ಹೆಮ್ಮೆಯ ಭರದಲ್ಲಿ ಸಿ.ಟಿ. ಸ್ಕ್ಯಾನನ್ನು ಭಾರತೀಯರೇ ಕಂಡುಹಿಡಿದರು ಎಂದು ಬರೆಯುವವರಿದ್ದಾರೆ. ಅದು ಸರಿಯಲ್ಲ. ಇದೇ ಬಗೆಯ ಉಪಾಯವನ್ನು ರೇಡಿಯೊ ಖಗೋಳದಲ್ಲಿ ಬ್ರೇಸ್‌ವೆಲ್ 1967ರಲ್ಲೇ ಬಳಸಿದ್ದರು. ಯಂತ್ರ ಕಟ್ಟಿದ್ದು ಇಂಗ್ಲೆಂಡಿನ ಇಎಂಐ ಕಂಪನಿಯ ಎಂಜಿನಿಯರ್ ಹೌನ್ಸ್‌ಫೀಲ್ಡ್, ಗ್ರಾಮಫೋನ್ ರೆಕಾರ್ಡುಗಳಿಗೆ ಹೆಸರಾದ ಅದೇ ಇಎಂಐ. 1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಮಿದುಳು ಗಡ್ಡೆಯ ಶಂಕೆಯಿದ್ದ ಮಹಿಳೆಯೊಬ್ಬರ ತಲೆಯ ಮೊದಲ ಸ್ಕ್ಯಾನ್ ಆಯಿತು. ಅವರ ಲೆಕ್ಕದ ವಿಧಾನ ಬೇರೆಯದು. ರಾಮಚಂದ್ರನ್ ಲೇಖನ ಅಚ್ಚಾದದ್ದು ಅದಕ್ಕೆ ಒಂದು ತಿಂಗಳು ಮೊದಲು ಅಷ್ಟೇ. ಮುಂದೆ ಯಂತ್ರಗಳು ವೇಗವಾಗುತ್ತ ಹೋದಂತೆ, ಫಿಲ್ಟರ್ ಮಾಡಿ ಹಿಂದಕ್ಕೆ ಹರಡುವ ಈ ಬಗೆಯೇ ದಶಕಗಟ್ಟಲೆ ಅವುಗಳೊಳಗೆ ನಡೆಯಿತು. 1979ರ ನೊಬೆಲ್ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ಹೋಯಿತು. ನನ್ನ ಕೇಳಿದರೆ ಅದರಲ್ಲಿ ಅನ್ಯಾಯವೇನಿಲ್ಲ. ಆದರೆ ನಮ್ಮ ಪಠ್ಯದಲ್ಲಿ ರ‍್ಯಾಮ್-ಲ್ಯಾಕ್ ಎಂಬ ಕತ್ತರಿಸಿದ ಹೆಸರಿನ ಪಕ್ಕ ಬೆಂಗಳೂರು ಎಂಬ ಒಂದು ಪದ ಇದ್ದಿದ್ದರೆ ಚೆನ್ನಾಗಿತ್ತು.

ಹೌನ್ಸ್‌ಫೀಲ್ಡ್ ಹೆಸರು ಅಳತೆಯಲ್ಲಿ ಉಳಿದಿದೆ. ನೀರಿಗೆ 0, ಗಾಳಿಗೆ ಮೈನಸ್ 1000, ಮಿದುಳಿಗೆ 30-40ರ ಆಸುಪಾಸು, ಹೊಸದಾಗಿ ಹೆಪ್ಪುಗಟ್ಟಿದ ರಕ್ತಕ್ಕೆ 60-70, ಗಟ್ಟಿ ಮೂಳೆಗೆ ಸಾವಿರದ ಲೆಕ್ಕ. ರಕ್ತ ಹಳೆಯದಾದಂತೆ ಸಂಖ್ಯೆ ಇಳಿದು ಮಿದುಳಿನದ್ದಕ್ಕೆ ಸಮನಾಗಿ, ಆಮೇಲೆ ಅದಕ್ಕೂ ಕೆಳಗೆ ಹೋಗುತ್ತದೆ. ತಾತ ಬಿದ್ದು ಎಷ್ಟು ದಿನವಾಗಿರಬಹುದು ಎಂದು ಡಾಕ್ಟರು ನಮ್ಮನ್ನು ಕೇಳುವ ಮೊದಲೇ ಅಂದಾಜು ಮಾಡಿದ್ದು ಇದರಿಂದ. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯಿಂದ ಕಿಡ್ನಿ ಕಲ್ಲು ಎಂದು ಬರುವವರಿಗೂ ಇದೇ ಅಳತೆ. ಕಲ್ಲಿನ ಸಂಖ್ಯೆ ಸಾವಿರ ದಾಟಿದ್ದರೆ ಹೊರಗಿನಿಂದ ಅಲೆ ಬಡಿದು ಪುಡಿ ಮಾಡುವುದು ಕಷ್ಟ, ಬೇರೆ ದಾರಿ ನೋಡುತ್ತಾರೆ. ಚಿತ್ರ ಮಸುಕಾಗಿದ್ದರೆ ಈ ಸಂಖ್ಯೆಗಳಿಗೆ ಅರ್ಥವೇ ಇರುತ್ತಿರಲಿಲ್ಲ.

ರಾಮಚಂದ್ರನ್ 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ನಿವೃತ್ತಿಯ ಹೊತ್ತಿಗೆ ತತ್ತ್ವಶಾಸ್ತ್ರ, ತರ್ಕದ ಗಣಿತದ ಕಡೆ ಹೊರಳಿದರು. ಕವಿತೆಗಳನ್ನೂ ಬರೆದರು. ಅವರನ್ನು ನೋಡಿಕೊಳ್ಳುತ್ತಿದ್ದವರು 1945ರಲ್ಲಿ ಮದುವೆಯಾದ ಪತ್ನಿ ರಾಜಲಕ್ಷ್ಮಿ. 1998ರಲ್ಲಿ ಆಕೆ ತೀರಿಕೊಂಡ ಮೇಲೆ ಅವರು ಕುಸಿದರು. ಪಾರ್ಕಿನ್‌ಸನ್ಸ್ ಕಾಯಿಲೆ ಮೈಯನ್ನು ಹಿಡಿದಿತ್ತು. 1999ರಲ್ಲಿ ಸ್ಫಟಿಕಶಾಸ್ತ್ರದ ದೊಡ್ಡ ಗೌರವವಾದ ಎವಾಲ್ಡ್ ಪ್ರಶಸ್ತಿ ಬಂತು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು.

ಪಾರ್ಕಿನ್‌ಸನ್ಸ್ ಅನ್ನು ಸಿ.ಟಿ. ಸ್ಕ್ಯಾನ್ ಹಿಡಿಯುವುದಿಲ್ಲ. ಗಡ್ಡೆ, ರಕ್ತಸ್ರಾವ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಮಾತ್ರ ತೆಗೆಸುತ್ತಾರೆ. ಅದಕ್ಕೆ ಮಿಲಿಮೀಟರಿನ ಗೆರೆ ಎಳೆಯಲು ಬರುವುದಿಲ್ಲ. ಕೈ ನಡುಗುವುದನ್ನು, ಹೆಜ್ಜೆ ಚಿಕ್ಕದಾಗುವುದನ್ನು ಡಾಕ್ಟರು ಎದುರು ಕೂತು ಕಣ್ಣಿಂದಲೇ ನೋಡಬೇಕು. ಒಂದು ಚಪ್ಪಲಿ ದಾರಿಯಲ್ಲಿ ಉಳಿದದ್ದನ್ನು ನೋಡುವ ಹಾಗೆ. ನಾನು ನೋಡಿಯೂ ಬಸ್ಸು ಹತ್ತಿದ್ದೆನಲ್ಲ, ಹಾಗಲ್ಲ.

ಎರಡು ತಿಂಗಳ ಮೇಲೆ ತಾತನಿಗೆ ಮತ್ತೆ ಸ್ಕ್ಯಾನ್ ಆಯಿತು. ಈ ಸಲ ಗೆರೆ ಎಳೆಯುವುದನ್ನು ನನಗೇ ಬಿಟ್ಟರು. ನಡುಗೆರೆ 2 ಮಿಲಿಮೀಟರ್‌ಗೆ ಬಂದಿತ್ತು. ಊರಿಗೆ ಹೋಗುವಾಗ ದಾರಿಯುದ್ದಕ್ಕೂ ಟಾಟಾ ಇನ್‌ಸ್ಟಿಟ್ಯೂಟಿನ ಈ ಮೇಷ್ಟ್ರ ಕಥೆ ಹೇಳಿದೆ. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಜಮೀನು ತಗೊಂಡಿದ್ದಾರಲ್ಲ ಅವರದೇನಾ ಅಂತ ಕೇಳಿದರು ತಾತ. ಅವರದೇ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಳಲ್ಕೆರೆ ದಾಟಿದ ಮೇಲೆ ನನ್ನನ್ನು ನನ್ನ ಹೆಸರಿನಿಂದಲೇ ಕರೆದು, ಡ್ರಿಪ್ ಪೈಪು ರಿಪೇರಿ ಆಯಿತಾ ಎಂದು ವಿಚಾರಿಸಿದರು.