ಭಂಡಾರಿ ಬಸವೇಶ್ವರರು

ರಾಜ್ಯಾಧಿಕಾರವನ್ನು ವಹಿಸಿದವನ ಮತಶ್ರದ್ಧೆಯು ಇತರರ ವಿಚಾರಣೆಗೆ ಒಳಪಡತಕ್ಕದ್ದೇ, ಅಲ್ಲವೇ ಎಂಬ ಪ್ರಶ್ನೆ ಇಂದು ನಿನ್ನೆಯದಲ್ಲ. ಎಂಟುನೂರು ವರ್ಷಗಳಿಗೂ ಹಿಂದೆ ಕಲ್ಯಾಣದ ಆಸ್ಥಾನದಲ್ಲಿ ಅದು ಎದ್ದಿತ್ತು. ಅದಕ್ಕೆ ಗುರಿಯಾದವರು ಶ್ರೀ ಬಸವೇಶ್ವರರು. ಭಕ್ತಿಭಂಡಾರಿಯೆಂದು ಅವರನ್ನು ನಿತ್ಯವೂ ಸ್ಮರಿಸುವ ನಾವು, ಅವರು ಬಿಜ್ಜಳರಾಯನ ಭಂಡಾರಿಯೂ ಆಗಿದ್ದರೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಈ ಎರಡು ಭಂಡಾರಗಳ ಬೀಗದಕೈಗಳನ್ನು ಒಂದೇ ಕೈಯಲ್ಲಿ ಹಿಡಿದು, ಒಂದನ್ನು ಇನ್ನೊಂದರಲ್ಲಿ ಬೆರಸದೆ ಬಾಳಿದ್ದೇ ಅವರ ಚರಿತ್ರೆಯಲ್ಲಿ ನಾವು ಮನನಮಾಡಬೇಕಾದ ಸಂಗತಿ.

ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ ಮಾದರಸ ಮತ್ತು ಮಾದಲಾಂಬಿಕೆಯರ ಪುತ್ರರಾಗಿ 12ನೆಯ ಶತಮಾನದಲ್ಲಿ ಅವರು ಜನಿಸಿದರು. ಹುಟ್ಟಿದ ಕುಲದ ಕರ್ಮಮಾರ್ಗವು ಶಿವಭಕ್ತಿಗೆ ಹೊಂದದೆಂದು ಕಂಡುಕೊಂಡು ಅದನ್ನು ತ್ಯಜಿಸಿ, ಕೃಷ್ಣಾ ಮಲಪ್ರಭೆಗಳು ಕೂಡುವ ಕೂಡಲಸಂಗಮಕ್ಕೆ ತೆರಳಿ, ಅಲ್ಲಿ ವಿದ್ಯೆಯನ್ನೂ ಸಂಗಮನಾಥನ ಸೇವೆಯನ್ನೂ ಕೈಕೊಂಡರು. ಮುಂದೆ ಬಿಜ್ಜಳನಿದ್ದ ಮಂಗಳವಾಡಕ್ಕೆ ಬಂದರು. ಹರಿಹರನ ರಗಳೆಯ ಪ್ರಕಾರ ಅವರು ಮೊದಲು ಸೇರಿದ್ದು ಲೆಕ್ಕ ಬರೆಯುವ ಗಣಕರ ನಡುವೆ. ಬಸವಪುರಾಣದ ಪರಂಪರೆಯಂತೆ ಬಂಧುವಾದ ಬಲದೇವ ದಂಡನಾಯಕನ ತರುವಾಯ ಆ ಸ್ಥಾನವು ಇವರಿಗೆ ಬಂದಿತು. ಎರಡು ಕಥನಗಳೂ ಒಪ್ಪುವ ಮಾತೊಂದುಂಟು: ಅವರನ್ನು ಮೇಲಕ್ಕೇರಿಸಿದ್ದು ಅವರ ಕಾರ್ಯದಕ್ಷತೆ, ಕೊರಳಲ್ಲಿದ್ದ ಲಿಂಗವಲ್ಲ.

ಚಾಲುಕ್ಯರ ಸಾಮಂತನಾಗಿದ್ದ ಕಳಚುರಿ ಬಿಜ್ಜಳನು ಒಡೆಯನ ರಾಜ್ಯವನ್ನೇ ವಶಪಡಿಸಿಕೊಂಡು, 1162ರ ವೇಳೆಗೆ ಸಾರ್ವಭೌಮನ ಬಿರುದುಗಳನ್ನು ಧರಿಸಿದನು. ಅವನನ್ನು ಜೈನನೆಂದು ಪುರಾಣಗಳು ಹೇಳುತ್ತವೆ. ಶಾಸನಗಳಲ್ಲಿ ಅವನು ಶೈವನಾಗಿ ತೋರುತ್ತಾನೆ. ಹೇಗೇ ಇರಲಿ, ಆತನ ರಾಜ್ಯದಲ್ಲಿ ಶೈವ, ಜೈನ, ವೈಷ್ಣವರೆಲ್ಲರೂ ತೆರಿಗೆ ತೆರುತ್ತಿದ್ದರು. ಇಂತಹ ರಾಜ್ಯದ ಬೊಕ್ಕಸವು ಒಂದು ಮತದ ಆಸ್ತಿಯಾಗಲಾರದು. ಇತ್ತ ಬಸವೇಶ್ವರರ ಮನೆಯಲ್ಲಿಯಾದರೋ ದಿನವೂ ಅಸಂಖ್ಯಾತ ಜಂಗಮರಿಗೆ ದಾಸೋಹ. ನೋಡಿದವರಿಗೆ ಸಂಶಯ ಹುಟ್ಟಿದ್ದರಲ್ಲಿ ಆಶ್ಚರ್ಯವೇನು?

ಕೊಂಡೆಯರು ಅರಸನ ಬಳಿಗೆ ಹೋಗಿ, ಭಂಡಾರದ ಹೊನ್ನು ಜಂಗಮರ ಪಾಲಾಗುತ್ತಿದೆಯೆಂದು ದೂರಿತ್ತರು. ದೂರಿತ್ತವರ ಮನಸ್ಸಿನಲ್ಲಿ ಮತ್ಸರವಿದ್ದಿರಬಹುದು. ಆದರೆ ದೂರು ಕೇಳತಕ್ಕದ್ದೇ ಆಗಿತ್ತು. ಪ್ರಜೆಗಳ ದ್ರವ್ಯವನ್ನು ಕಾಯುವವನ ಲೆಕ್ಕವನ್ನು ನೋಡುವ ಹಕ್ಕು ಅರಸನಿಗುಂಟು. ಬಸವೇಶ್ವರರು ಭಕ್ತರ ಮೇಲೆ ಶಂಕೆಯೇ ಎಂದು ಕೋಪಿಸಲಿಲ್ಲ, ತಮ್ಮ ಶಿವನಿಷ್ಠೆಯನ್ನು ಗುರಾಣಿಯಾಗಿ ಹಿಡಿಯಲಿಲ್ಲ. ಭಂಡಾರವನ್ನು ತೆರೆದಿಟ್ಟು ಎಣಿಸಲು ಬಿಟ್ಟರು. ಎಣಿಸಿದಾಗ ಒಂದು ನಾಣ್ಯವೂ ಕಡಿಮೆಯಾಗಿರಲಿಲ್ಲ. ಪುರಾಣಕಾರರು ಇದನ್ನು ಶಿವನ ಪವಾಡವೆಂದು ವರ್ಣಿಸುತ್ತಾರೆ. ಭಕ್ತನಿಗೆ ಅದು ಪವಾಡವಾದರೆ, ರಾಜ್ಯಕ್ಕೆ ಅದು ಶುದ್ಧವಾದ ಲೆಕ್ಕ. ಸ್ವಂತ ಕಾಯಕದಿಂದ ಬಂದದ್ದಷ್ಟೇ ದಾಸೋಹಕ್ಕೆ ಸಲ್ಲತಕ್ಕದ್ದೆಂದು ಬೋಧಿಸಿದವರು ಪರರ ಹೊನ್ನಿನಿಂದ ಅನ್ನ ನೀಡಿದ್ದರೆ ಅದು ದಾಸೋಹವೆನಿಸುತ್ತಿರಲಿಲ್ಲ.

ಎರಡನೆಯ ದೂರು ಬೇರೆ ಬಗೆಯದು. ಅಂದಿನವರು ಅಂತ್ಯಜನೆಂದು ದೂರವಿಟ್ಟಿದ್ದ ನಾಗಿದೇವನೆಂಬ ಶರಣನ ಮನೆಗೆ ಬಸವೇಶ್ವರರು ಹೋಗಿ ಪ್ರಸಾದ ಸ್ವೀಕರಿಸಿದರು; ಆಮೇಲೆ ಆಸ್ಥಾನಕ್ಕೆ ಬಂದು ಅದನ್ನು ಮೈಲಿಗೆಗೊಳಿಸಿದರೆಂದು ಕೆಲವರು ಬೊಬ್ಬೆಯಿಟ್ಟರು. ಇಲ್ಲಿ ಬೊಕ್ಕಸಕ್ಕೆ ನಷ್ಟವಿಲ್ಲ, ನ್ಯಾಯಕ್ಕೆ ಲೋಪವಿಲ್ಲ. ಮಂತ್ರಿಯು ಯಾರ ಮನೆಯಲ್ಲಿ ಉಂಡನೆಂಬುದು ರಾಜ್ಯದ ವಿಚಾರಣೆಗೆ ಬರತಕ್ಕ ವಿಷಯವೇ ಅಲ್ಲ. ಬಸವೇಶ್ವರರು ಲೆಕ್ಕವನ್ನು ಒಪ್ಪಿಸಿದಂತೆ ಈ ನಡೆಯನ್ನು ಅರಸನ ಅಪ್ಪಣೆಗೆ ಒಪ್ಪಿಸಲಿಲ್ಲ. ಶರಣನೇ ಕುಲಜನೆಂಬ ನಂಬಿಕೆಯನ್ನು ಪದವಿಗಾಗಿ ಬಿಟ್ಟುಕೊಡಲೂ ಇಲ್ಲ. ಒಂದು ದೂರಿಗೆ ತಲೆಬಾಗಿದವರು ಇನ್ನೊಂದಕ್ಕೆ ತಲೆಯೆತ್ತಿ ನಿಂತರು. ಈ ವಿವೇಕವೇ ಅವರ ರಾಜನೀತಿ.

ಮೂರನೆಯದು ಅಗ್ನಿಪರೀಕ್ಷೆ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸನ ಮಗಳಿಗೂ ವಿವಾಹವಾಯಿತೆಂದು ನಮ್ಮ ಪರಂಪರೆ ಹೇಳುತ್ತದೆ. ಕ್ರುದ್ಧರಾದ ಸಂಪ್ರದಾಯಸ್ಥರ ಒತ್ತಾಯಕ್ಕೆ ಮಣಿದು ಬಿಜ್ಜಳನು ಆ ಇಬ್ಬರು ತಂದೆಯರಿಗೆ ಘೋರಶಿಕ್ಷೆ ವಿಧಿಸಿದನು. ಇಲ್ಲಿ ಪ್ರಭುವಿನ ಆಜ್ಞೆಗೂ ಶರಣನ ಅಂತಃಸಾಕ್ಷಿಗೂ ನಡುವೆ ಸಂಧಿಯೇ ಉಳಿಯಲಿಲ್ಲ. ಬಸವೇಶ್ವರರ ಮುಂದೆ ಮೂರು ದಾರಿಗಳಿದ್ದವು: ಪದವಿಯಲ್ಲಿ ಉಳಿದು ಮೌನವಾಗಿರುವುದು, ಪದವಿಯ ಬಲದಿಂದಲೇ ರಾಜ್ಯವನ್ನು ತಮ್ಮ ಮತದ ಕಡೆಗೆ ಎಳೆಯುವುದು, ಪದವಿಯನ್ನು ಬಿಡುವುದು. ಮೊದಲನೆಯದು ಭಕ್ತಿಗೆ ದ್ರೋಹ, ಎರಡನೆಯದು ರಾಜ್ಯಕ್ಕೆ ದ್ರೋಹ. ಅವರು ಮೂರನೆಯದನ್ನು ಹಿಡಿದರು. ಮಂತ್ರಿಪದವಿಯನ್ನು ಬಿಟ್ಟು ಕಲ್ಯಾಣದಿಂದ ಹೊರಟು, ಕೂಡಲಸಂಗಮದಲ್ಲಿ ಲಿಂಗೈಕ್ಯರಾದರು.

ಆಮೇಲೆ ಕಲ್ಯಾಣದಲ್ಲಿ ನಡೆದುದು ದುಃಖದ ಕಥೆ. 1167ರಲ್ಲಿ ಬಿಜ್ಜಳನು ಮಗ ಸೋವಿದೇವನಿಗೆ ರಾಜ್ಯವನ್ನು ಒಪ್ಪಿಸಿದನೆಂದು ಶಾಸನಗಳಿಂದ ತಿಳಿಯುತ್ತದೆ. ಅವನು ಜಗದೇವ ಮೊದಲಾದವರಿಂದ ಹತನಾದನೆಂದು ಬಸವಪುರಾಣ ಹೇಳುತ್ತದೆ. ಆ ಕೊಲೆಯನ್ನು ಭಕ್ತಿಯ ವಿಜಯವೆಂದು ಕೊಂಡಾಡುವವರುಂಟು. ದಯೆಯನ್ನು ಧರ್ಮದ ಬೇರೆಂದು ಬಗೆದ ಮಹಾತ್ಮರಿಗೆ ಅದು ಗೌರವವಲ್ಲ. ಅವರ ವಿಜಯವು ತೆರೆದಿಟ್ಟ ಭಂಡಾರದಲ್ಲಿಯೂ ಬಿಟ್ಟುಕೊಟ್ಟ ಪದವಿಯಲ್ಲಿಯೂ ಇದೆ.

1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 16ನೆಯ ಅನುಚ್ಛೇದವು, ಕೇವಲ ಮತದ ಕಾರಣದಿಂದ ಯಾರಿಗೂ ಸರ್ಕಾರದ ಉದ್ಯೋಗವನ್ನು ನಿರಾಕರಿಸಕೂಡದೆಂದು ವಿಧಿಸಿದೆ. ಆದುದರಿಂದ ಅಧಿಕಾರಿಯು ಯಾವ ದೇವರನ್ನು ಪೂಜಿಸುವನೆಂದು, ಅಥವಾ ಪೂಜಿಸುವನೋ ಇಲ್ಲವೋ ಎಂದು ಕೇಳುವ ಅಗತ್ಯ ನಮಗಿಲ್ಲ. ಅವನ ಕೈಯಲ್ಲಿರುವ ಲೆಕ್ಕ ಶುದ್ಧವೇ, ಅವನ ಬಾಗಿಲು ಎಲ್ಲರಿಗೂ ತೆರೆದಿದೆಯೇ ಎಂದು ಕೇಳೋಣ. ನಮ್ಮವನೆಂದು ಒಬ್ಬನನ್ನು ಅಧಿಕಾರಕ್ಕೇರಿಸುವುದೂ ಪರರವನೆಂದು ಇನ್ನೊಬ್ಬನನ್ನು ಕೆಳಗಿಳಿಸುವುದೂ ಒಂದೇ ತಪ್ಪಿನ ಎರಡು ಮುಖಗಳು. ಲಿಂಗಧಾರಿಯಾದ ಅಧಿಕಾರಿಗೂ ಇದೇ ಅಳತೆ. ಅವನಿಗೆ ಒಂದು ಗುಲಗಂಜಿ ಹೆಚ್ಚಿನ ತೂಕವೇ ಸಲ್ಲಲಿ. ಏಕೆಂದರೆ ಅವನು ಹೆಸರು ಹೇಳುವುದು ಭಂಡಾರಿ ಬಸವಣ್ಣನವರದು.